ಬಸ್ಸಿನ ಮೆಟ್ಟಿಲು ಹತ್ತಲಾರದವರು ಎಷ್ಟು ಮಂದಿ?

(ಅಂಗವಿಕಲತೆ ಮತ್ತು ಜನಗಣತಿ ಕುರಿತ ಉಪನ್ಯಾಸದ ಪಠ್ಯ)



ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆ ದಾಟಿದೊಡನೆ ಕವಲೊಡೆಯುತ್ತದೆ. ಒಂದು ದಾರಿ ಬಂಡೀಪುರದ ಕಾಡಿನೊಳಗಿಂದ ಊಟಿಯ ಕಡೆಗೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಯ ಕಡೆಗೆ. ಹೀಗಾಗಿ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಮೂರು ರಾಜ್ಯಗಳ ಜನ ಕಾಣುತ್ತಾರೆ. ಅರಿಸಿನ, ಹೂವು, ತರಕಾರಿ ಮಾರಿ ಹಿಂತಿರುಗುವ ರೈತರು, ಕೂಲಿಗಾಗಿ ಕೊಡಗಿಗೂ ಕೇರಳಕ್ಕೂ ಹೊರಟವರು, ಕಾಲೇಜಿನ ಹುಡುಗ ಹುಡುಗಿಯರು. ಅರ್ಧ ಗಂಟೆ ಅಲ್ಲಿ ನಿಂತರೆ ಇಡೀ ತಾಲ್ಲೂಕನ್ನೇ ನೋಡಿದಂತೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಆದರೆ ಅಲ್ಲಿ ಕಾಣದವರೂ ಇದ್ದಾರೆ. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಬಹಳ ಎತ್ತರ. ಕಂಬಿ ಹಿಡಿದು, ಒಂದು ಕಾಲೂರಿ, ಮೈಯನ್ನೆಲ್ಲ ಮೇಲಕ್ಕೆಳೆದುಕೊಳ್ಳಬೇಕು. ಮಂಡಿ ಮಡಿಸಲಾಗದ ಮುದುಕಿ, ಪೋಲಿಯೊದಿಂದ ಕಾಲು ಸಣಕಲಾದ ನಡುವಯಸ್ಸಿನವರು, ಪಾರ್ಶ್ವವಾಯು ಹೊಡೆದು ಒಂದು ಕೈ ಸ್ವಾಧೀನ ತಪ್ಪಿದವರು ಒಂದೆರಡು ಸಲ ಪ್ರಯತ್ನಿಸುತ್ತಾರೆ. ಆಮೇಲೆ ನಿಲ್ದಾಣಕ್ಕೆ ಬರುವುದನ್ನೇ ಬಿಡುತ್ತಾರೆ. ಬಾರದವರು ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದವರು ಲೆಕ್ಕಕ್ಕೂ ಸಿಗುವುದಿಲ್ಲ.

ಅಂಥವರು ಎಷ್ಟು ಮಂದಿ ಎಂಬುದೇ ಇಂದಿನ ಮಾತಿನ ವಿಷಯ. ಪ್ರಶ್ನೆ ಸರಳವಾಗಿದೆ. ಆದರೆ ನೂರೈವತ್ತು ವರ್ಷಗಳಿಂದ ಸರ್ಕಾರಗಳು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಏಕೆ ತಾಳೆಯಾಗುವುದಿಲ್ಲ ಎಂಬುದನ್ನು ತಿಳಿದರೆ, ನಮ್ಮ ಮನೆಯ ಜಗುಲಿಯ ಮೇಲೆ ಕುಳಿತವರ ಬಗ್ಗೆಯೂ ಒಂದು ಸಂಗತಿ ತಿಳಿಯುತ್ತದೆ.

ಎರಡು ಲೆಕ್ಕ, ಒಂದು ಜಿಲ್ಲೆ

ಮೊದಲು ಒಂದು ಚಿಕ್ಕ ಲೆಕ್ಕ. 2011ರ ಜನಗಣತಿಯ ಪ್ರಕಾರ ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ 10 ಲಕ್ಷ 20 ಸಾವಿರ. ಅದೇ ಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಅಂದರೆ ನೂರಕ್ಕೆ ಸುಮಾರು 2.2. ಈ ಪ್ರಮಾಣವನ್ನೇ ಜಿಲ್ಲೆಗೆ ಹಾಕಿ ನೋಡಿದರೆ ಸುಮಾರು 22 ಸಾವಿರ ಮಂದಿ ಆಗುತ್ತಾರೆ.

ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿ ಇದೆ. ಜಗತ್ತಿನಲ್ಲಿ 130 ಕೋಟಿ ಜನರಿಗೆ, ಅಂದರೆ ನೂರಕ್ಕೆ 16 ಮಂದಿಗೆ ಗಣನೀಯ ಪ್ರಮಾಣದ ಅಂಗವಿಕಲತೆ ಇದೆ ಎಂಬುದು ಆ ವರದಿಯ ಅಂದಾಜು. ಆರು ಜನರಲ್ಲಿ ಒಬ್ಬರು. ಈ ಪ್ರಮಾಣವನ್ನು ಅದೇ ಜಿಲ್ಲೆಗೆ ಹಾಕಿದರೆ 1 ಲಕ್ಷ 63 ಸಾವಿರ ಮಂದಿ.

ಇವೆರಡೂ ಚಾಮರಾಜನಗರದ ಮನೆಮನೆ ಸುತ್ತಿ ಎಣಿಸಿದ ಸಂಖ್ಯೆಗಳಲ್ಲ. ಎರಡು ಬೇರೆ ಬೇರೆ ಅಳತೆಗೋಲುಗಳಿಂದ ಒಂದೇ ಜಿಲ್ಲೆಯನ್ನು ಅಳೆದರೆ ಏನಾಗುತ್ತದೆ ಎಂದು ತೋರಿಸುವ ಲೆಕ್ಕ ಮಾತ್ರ. ಆದರೂ ಎರಡರ ನಡುವಿನ ಅಂತರ 1 ಲಕ್ಷ 40 ಸಾವಿರ. ಈ ಜನ ಎಲ್ಲಿ ಹೋದರು? ಜಗತ್ತಿನ ಉಳಿದ ಭಾಗಕ್ಕಿಂತ ನಮ್ಮವರ ಕೈಕಾಲು, ಕಣ್ಣು, ಕಿವಿ ಏಳೆಂಟು ಪಟ್ಟು ಗಟ್ಟಿಯಾಗಿವೆಯೇ? ಹಾಗೆ ನಂಬಲು ಯಾವ ಆಧಾರವೂ ಇಲ್ಲ. ಹಾಗಾದರೆ ವ್ಯತ್ಯಾಸ ಇರುವುದು ಜನರಲ್ಲಲ್ಲ, ಕೇಳಿದ ಪ್ರಶ್ನೆಯಲ್ಲಿ.

ಕುಂಟುವವರನ್ನು ಎಣಿಸದ ಕಾಲ

ಭಾರತದಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಸುವ ಪದ್ಧತಿ ಬ್ರಿಟಿಷರ ಕಾಲದ್ದು. ಆಗ ಇಂದಿನ ಚಾಮರಾಜನಗರ ಜಿಲ್ಲೆ ಒಂದೇ ಆಡಳಿತದಲ್ಲಿರಲಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರೆ, ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರಿಗೆ ಬಂತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಎರಡು ಆಡಳಿತಗಳಿದ್ದರೂ ಜನಗಣತಿಯ ನಮೂನೆ ಹೆಚ್ಚುಕಡಿಮೆ ಒಂದೇ. 1881ರಿಂದ 1931ರವರೆಗಿನ ಗಣತಿಗಳಲ್ಲಿ ದೇಹದ ಮತ್ತು ಮನಸ್ಸಿನ ನ್ಯೂನತೆಗಳಿಗೆಂದೇ ಒಂದು ಅಂಕಣವಿತ್ತು. ಅದರಲ್ಲಿ ಬರೆಯಬೇಕಾಗಿದ್ದದ್ದು ನಾಲ್ಕೇ ಸಂಗತಿ: ಬುದ್ಧಿಭ್ರಮಣೆ, ಹುಟ್ಟಿನಿಂದ ಬಂದ ಕಿವುಡು-ಮೂಕತನ, ಎರಡೂ ಕಣ್ಣಿನ ಕುರುಡು ಮತ್ತು ಕುಷ್ಠ.

ಗಮನಿಸಬೇಕಾದದ್ದು ಪಟ್ಟಿಯಲ್ಲಿ ಇಲ್ಲದ ಸಂಗತಿ. ಕಾಲಿಲ್ಲದವರು, ಕುಂಟುವವರು, ನಡೆಯಲಾರದವರು ಅಲ್ಲಿಲ್ಲ. ಹೊಲದಲ್ಲಿ ಉಳುಮೆಯೇ ಬದುಕಾಗಿದ್ದ ನಾಡಿನಲ್ಲಿ, ನಡೆಯಲಾಗದಿರುವುದು ಎಂದರೆ ದುಡಿಯಲಾಗದಿರುವುದು. ಅಂಥ ದೊಡ್ಡ ಸಂಗತಿಯನ್ನು ಐವತ್ತು ವರ್ಷ ಯಾರೂ ಬರೆದುಕೊಳ್ಳಲಿಲ್ಲ. ಬರೆದುಕೊಂಡ ನಾಲ್ಕು ಸಂಗತಿಗಳಲ್ಲೂ ಮರೆಮಾಚುವಿಕೆ ಬಹಳ. ಕುಷ್ಠವನ್ನು ಮನೆಯವರು ಬಚ್ಚಿಡುತ್ತಾರೆ, ಅದರಲ್ಲೂ ಹೆಂಗಸರಿಗಿದ್ದರೆ ಹೇಳುವುದೇ ಇಲ್ಲ ಎಂಬ ದೂರು ಆ ಕಾಲದ ಜನಗಣತಿ ವರದಿಗಳಲ್ಲಿಯೇ ಇದೆ.

1931ರ ನಂತರ ಈ ಅಂಕಣವನ್ನು ಕೈಬಿಡಲಾಯಿತು. ಮುಂದಿನ ಐವತ್ತು ವರ್ಷ ಅಂಗವಿಕಲತೆಯ ಬಗ್ಗೆ ಜನಗಣತಿ ಮಾತಾಡಲಿಲ್ಲ. 1981ನ್ನು ವಿಶ್ವಸಂಸ್ಥೆ ಅಂಗವಿಕಲರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದಾಗ ಪ್ರಶ್ನೆ ಮತ್ತೆ ಬಂತು. ಆದರೆ ಕೇಳಿದ್ದು ‘ಪೂರ್ಣ’ವಾಗಿ ಕುರುಡರಾದವರು, ‘ಪೂರ್ಣ’ವಾಗಿ ಕೈಕಾಲು ಸ್ವಾಧೀನವಿಲ್ಲದವರು, ‘ಪೂರ್ಣ’ವಾಗಿ ಮೂಕರಾದವರು ಎಷ್ಟು ಎಂದು. ಇಡೀ ದೇಶದಲ್ಲಿ ಸಿಕ್ಕವರು ಸುಮಾರು 11 ಲಕ್ಷ ಮಂದಿ. ಸಾವಿರಕ್ಕೆ ಇಬ್ಬರೂ ಇಲ್ಲ!

ಅದೇ 1981ರಲ್ಲಿ ಕೇಂದ್ರ ಸರ್ಕಾರದ್ದೇ ಆದ ರಾಷ್ಟ್ರೀಯ ಮಾದರಿ ಸಮೀಕ್ಷೆ ಸಂಸ್ಥೆಯೂ ಇದೇ ವಿಷಯದ ಸಮೀಕ್ಷೆ ನಡೆಸಿತು. ಅದು ‘ಪೂರ್ಣ’ ಎಂಬ ಷರತ್ತು ಹಾಕದೆ, ನೋಟ, ಮಾತು, ಶ್ರವಣ, ಚಲನೆಯಲ್ಲಿ ಏನಾದರೂ ಕೊರತೆ ಇದೆಯೇ ಎಂದು ವಿಚಾರಿಸಿತು. ಅದರ ಅಂದಾಜು 1 ಕೋಟಿ 20 ಲಕ್ಷ. ಒಂದೇ ದೇಶ, ಒಂದೇ ವರ್ಷ, ಒಂದೇ ಸರ್ಕಾರ. ಸಂಖ್ಯೆ ಮಾತ್ರ ಹತ್ತು ಪಟ್ಟು ಬೇರೆ.

ಐವತ್ತು ಲಕ್ಷ ಜನರಿಗೆ ಕಣ್ಣು ಬಂದ ಕಥೆ

1991ರ ಗಣತಿಯಲ್ಲಿ ಪ್ರಶ್ನೆ ಮತ್ತೆ ಮಾಯವಾಯಿತು. 1995ರಲ್ಲಿ ಸಂಸತ್ತು ಅಂಗವಿಕಲರ ಕಾಯ್ದೆಯನ್ನು ಅಂಗೀಕರಿಸಿತು. ಸೌಲಭ್ಯ ಕೊಡಬೇಕಾದರೆ ಎಷ್ಟು ಜನರಿದ್ದಾರೆಂದು ತಿಳಿಯಬೇಕಲ್ಲವೇ? ಹೀಗೆ 2001ರಲ್ಲಿ ಪ್ರಶ್ನೆ ಜನಗಣತಿಗೆ ಹಿಂತಿರುಗಿತು. ಆಗ ಸಿಕ್ಕ ಸಂಖ್ಯೆ 2 ಕೋಟಿ 19 ಲಕ್ಷ. 2011ರಲ್ಲಿ ಅದು 2 ಕೋಟಿ 68 ಲಕ್ಷ. ಪ್ರಮಾಣ ನೂರಕ್ಕೆ 2.13ರಿಂದ 2.21ಕ್ಕೆ ಏರಿತು. ಮೇಲುನೋಟಕ್ಕೆ ಎಲ್ಲವೂ ಸರಿಯಾಗಿಯೇ ಇದೆ.

ಒಳಗಿನ ಅಂಕಿಗಳನ್ನು ನೋಡಿದರೆ ಆಶ್ಚರ್ಯ ಕಾದಿದೆ. 2001ರಲ್ಲಿ ದೃಷ್ಟಿದೋಷವುಳ್ಳವರು 1 ಕೋಟಿ 6 ಲಕ್ಷ ಇದ್ದರು. ಹತ್ತು ವರ್ಷಗಳಲ್ಲಿ ಅವರು ಸುಮಾರು 50 ಲಕ್ಷಕ್ಕೆ ಇಳಿದರು. ಅದೇ ಅವಧಿಯಲ್ಲಿ ಕಿವಿ ಕೇಳದವರು 12 ಲಕ್ಷ 60 ಸಾವಿರದಿಂದ ಸುಮಾರು 50 ಲಕ್ಷಕ್ಕೆ ಏರಿದರು. ಹಾಗಾದರೆ ಹತ್ತು ವರ್ಷದಲ್ಲಿ ದೇಶದ ಐವತ್ತು ಲಕ್ಷ ಜನರಿಗೆ ಕಣ್ಣು ಬಂತೇ? ಸುಮಾರು ನಲವತ್ತು ಲಕ್ಷ ಜನರಿಗೆ ಕಿವಿ ಹೋಯಿತೇ?

ಅಂಥದ್ದೇನೂ ನಡೆಯಲಿಲ್ಲ. ಗಣತಿದಾರರಿಗೆ ಕೊಟ್ಟ ಸೂಚನೆ ಬದಲಾಗಿತ್ತು. 2001ರಲ್ಲಿ ಒಂದು ಕಣ್ಣು ಮಾತ್ರ ಕಾಣುವವರನ್ನೂ ದೃಷ್ಟಿದೋಷದ ಪಟ್ಟಿಗೆ ಸೇರಿಸಿದ್ದರು. 2011ರಲ್ಲಿ ಅವರನ್ನು ಸೇರಿಸಬೇಡಿ ಎಂದರು. 2001ರಲ್ಲಿ ಶ್ರವಣಯಂತ್ರ ಹಾಕಿಕೊಂಡು ಕೇಳಿಸಿಕೊಳ್ಳುವವರನ್ನು ಕಿವುಡರೆಂದು ಬರೆಯಬೇಡಿ ಎಂದಿದ್ದರು. 2011ರಲ್ಲಿ ಬರೆಯಿರಿ ಎಂದರು. ಜನರ ಕಣ್ಣು, ಕಿವಿ ಇದ್ದ ಹಾಗೆಯೇ ಇದ್ದವು. ಕಚೇರಿಯಲ್ಲಿ ಕುಳಿತವರು ಎರಡು ವಾಕ್ಯ ತಿದ್ದಿದ್ದರಿಂದ ಲಕ್ಷಾಂತರ ಜನ ಒಂದು ಪಟ್ಟಿಯಿಂದ ಹೊರಬಿದ್ದರು, ಇನ್ನೊಂದಕ್ಕೆ ಬಂದು ಸೇರಿದರು.

ಚಲನೆಯ ತೊಂದರೆ ಇರುವವರ ಸಂಖ್ಯೆ 61 ಲಕ್ಷದಿಂದ 54 ಲಕ್ಷಕ್ಕೆ ಇಳಿಯಿತು. ಇದರ ಹಿಂದೆ ನಿಜವಾದ ಒಂದು ಸಾಧನೆಯೂ ಇದೆ. 1995ರಿಂದ ದೇಶದಾದ್ಯಂತ ನಡೆದ ಪಲ್ಸ್ ಪೋಲಿಯೊ ಕಾರ್ಯಕ್ರಮದ ಫಲವಾಗಿ ಹೊಸದಾಗಿ ಪೋಲಿಯೊಗೆ ತುತ್ತಾಗುವ ಮಕ್ಕಳು ಕಡಿಮೆಯಾದರು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. ಆದರೆ ಅದೇ ಗಣತಿಯಲ್ಲಿ ‘ಇತರೆ’ ಎಂಬ ಹೊಸ ಕಾಲಂ ಒಂದನ್ನು ತೆರೆದಿದ್ದರು. ಅದರಲ್ಲಿ 49 ಲಕ್ಷ ಜನ ಸೇರಿದರು. ಇಳಿಕೆಯಲ್ಲಿ ಲಸಿಕೆಯ ಪಾಲೆಷ್ಟು, ಕಾಲಂನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಜಗುಲಿಯ ಮೇಲೆ ಕುಳಿತವರು

ಇನ್ನು ಪ್ರಶ್ನೆ ಕೇಳುವ ಜಾಗಕ್ಕೆ ಬರೋಣ. ನಮ್ಮ ಕಡೆ ಗಣತಿಗೆ ಬರುವವರು ಸಾಮಾನ್ಯವಾಗಿ ಶಾಲೆಯ ಮೇಷ್ಟ್ರು. ಬೇಸಿಗೆಯ ಬಿಸಿಲಲ್ಲಿ ನೂರಾರು ಮನೆ ಸುತ್ತಬೇಕು. ಹಳ್ಳಿಯ ಒಂದು ಮನೆಯ ಬಾಗಿಲಲ್ಲಿ ನಡೆಯಬಹುದಾದ ಮಾತುಕತೆ ಹೀಗಿರುತ್ತದೆ.

“ಮನೆಯಲ್ಲಿ ಅಂಗವಿಕಲರು ಯಾರಾದರೂ ಇದ್ದಾರೇನಮ್ಮಾ?”

“ಅಂಥೋರು ಯಾರೂ ಇಲ್ಲ ಮೇಷ್ಟ್ರೆ.”

“ಅಲ್ಲಿ ಜಗುಲಿ ಮೇಲೆ ಕೂತಿರೋರು?”

“ಅವ್ರು ನಮ್ಮತ್ತೆ. ವಯಸ್ಸಾಯ್ತಲ್ಲ, ಮಂಡಿನೋವು. ಎದ್ದು ಓಡಾಡೋಕಾಗಲ್ಲ, ಅಷ್ಟೆಯ.”

ಸೊಸೆ ಹೇಳಿದ್ದು ಸುಳ್ಳಲ್ಲ. ಅವಳ ಮನಸ್ಸಿನಲ್ಲಿ ‘ಅಂಗವಿಕಲ’ ಎಂದರೆ ಕಾಲೇ ಇಲ್ಲದವನು, ಊರುಗೋಲು ಹಿಡಿದವನು, ತ್ರಿಚಕ್ರ ವಾಹನದಲ್ಲಿ ಕುಳಿತವನು. ಎರಡು ವರ್ಷದಿಂದ ಹೊಸ್ತಿಲು ದಾಟದ, ಬಹಿರ್ದೆಸೆಗೆ ಹೋಗಲೂ ಇನ್ನೊಬ್ಬರ ಭುಜ ಹಿಡಿಯಬೇಕಾದ ಅತ್ತೆ ಅವಳ ಪಾಲಿಗೆ ಬರೀ ‘ವಯಸ್ಸಾದವರು’. ಮೇಷ್ಟ್ರು ಆ ಕಾಲಂನಲ್ಲಿ ‘ಇಲ್ಲ’ ಎಂದು ಬರೆದು ಮುಂದಿನ ಮನೆಗೆ ಹೋಗುತ್ತಾರೆ. ಆ ತಾಯಿ ದೇಶದ ಲೆಕ್ಕದಲ್ಲಿ ಚೆನ್ನಾಗಿ ನಡೆದಾಡುವವರ ಸಾಲಿಗೆ ಸೇರುತ್ತಾರೆ.

ಇದಕ್ಕೆ ನಮ್ಮ ಭಾಷೆಯ ಅಭ್ಯಾಸವೂ ಕಾರಣ. ಕನ್ನಡದಲ್ಲಿ ಕುಂಟ, ಕುರುಡ, ಕಿವುಡ, ಹೆಳವ ಎಂಬವು ಬಹಳ ಹಳೆಯ ಮಾತುಗಳು. ಇವು ತೊಂದರೆಯನ್ನು ಹೇಳುವುದಿಲ್ಲ, ಮನುಷ್ಯನನ್ನೇ ಹೆಸರಿಸಿಬಿಡುತ್ತವೆ. ಹೆಳವ ಎಂದರೆ ಕಾಲಿಲ್ಲದವನು. ಆ ಹೆಸರಿನ ಒಂದು ಸಮುದಾಯವೇ ಕರ್ನಾಟಕದಲ್ಲಿದೆ. ಎತ್ತು ಹೂಡಿಕೊಂಡು ಊರೂರಿಗೆ ಹೋಗಿ ಮನೆತನಗಳ ವಂಶಾವಳಿ ಹೇಳುವುದು ಹೆಳವರ ವೃತ್ತಿ. ಕಾಲಿಲ್ಲದ ತಮ್ಮ ಮೂಲಪುರುಷ ಎತ್ತಿನ ಮೇಲೆ ಕುಳಿತು ಈ ವೃತ್ತಿಯನ್ನು ಆರಂಭಿಸಿದನೆಂದು ಅವರ ಐತಿಹ್ಯ ಹೇಳುತ್ತದೆ. ನಾಡಿನ ಮನೆತನಗಳ ಹುಟ್ಟು ಸಾವನ್ನೆಲ್ಲ ಲೆಕ್ಕವಿಟ್ಟ ಸಮುದಾಯ ಹೊತ್ತಿರುವುದು ಸರ್ಕಾರಿ ಗಣತಿಯ ಪಟ್ಟಿಯಲ್ಲಿ ಜಾಗವಿಲ್ಲದ ಕಾಲಿಲ್ಲದವನ ಹೆಸರನ್ನು!

ಆಮೇಲೆ ‘ಅಂಗವಿಕಲ’ ಬಂತು, ‘ವಿಕಲಚೇತನ’ ಬಂತು, ‘ವಿಶೇಷಚೇತನ’ ಬಂತು. 2015ರ ಕೊನೆಯಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂಬ ಮಾತನ್ನು ಮುಂದಿಟ್ಟರು. ಮಾತು ಗೌರವದಿಂದ ಕೂಡಿರಬೇಕೆಂಬುದು ಸರಿಯೇ. ಆದರೆ ಈ ಎಲ್ಲ ಹೆಸರುಗಳೂ ಜನರನ್ನು ಎರಡು ಗುಂಪಾಗಿ ಮಾಡುತ್ತವೆ: ಇರುವವರು ಮತ್ತು ಇಲ್ಲದವರು. ಹೆಸರು ಎಷ್ಟೇ ಮೆದುವಾದರೂ ಆ ಗುಂಪಿಗೆ ತನ್ನ ಮನೆಯವರನ್ನು ಸೇರಿಸಲು ಸೊಸೆ ಹಿಂಜರಿಯುತ್ತಾಳೆ. ಮದುವೆಗೆ ಬಂದ ಮಗಳಿದ್ದರಂತೂ ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆಯನ್ನೇ ಬದಲಿಸಿದರೆ

ಇದಕ್ಕೆ ಉಪಾಯವೊಂದನ್ನು 2001ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಸೇರಿದ ನಾನಾ ದೇಶಗಳ ಸಂಖ್ಯಾಶಾಸ್ತ್ರಜ್ಞರು ಹುಡುಕತೊಡಗಿದರು. ವಾಷಿಂಗ್ಟನ್ ತಂಡ ಎಂದು ಅದಕ್ಕೆ ಹೆಸರು. ಅವರು ರೂಪಿಸಿದ ಆರು ಪ್ರಶ್ನೆಗಳಲ್ಲಿ ‘ಅಂಗವಿಕಲ’ ಎಂಬ ಮಾತೇ ಇಲ್ಲ. ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವೇ? ಶ್ರವಣಯಂತ್ರ ಇದ್ದರೂ ಕೇಳಲು ಕಷ್ಟವೇ? ನಡೆಯಲು ಅಥವಾ ಮೆಟ್ಟಿಲು ಹತ್ತಲು ಕಷ್ಟವೇ? ನೆನಪಿಟ್ಟುಕೊಳ್ಳಲು, ಗಮನವಿಡಲು ಕಷ್ಟವೇ? ಸ್ನಾನ ಮಾಡುವುದು, ಬಟ್ಟೆ ತೊಡುವುದು ಮುಂತಾದ ಸ್ವಂತ ಕೆಲಸಕ್ಕೆ ಕಷ್ಟವೇ? ಮನೆಮಾತಿನಲ್ಲಿ ಹೇಳಿದ್ದನ್ನು ತಿಳಿಯಲು, ತಿಳಿಸಲು ಕಷ್ಟವೇ?

ಉತ್ತರವೂ ‘ಹೌದು’, ‘ಇಲ್ಲ’ ಎಂದಲ್ಲ. ಕಷ್ಟವಿಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ ಎಂಬ ನಾಲ್ಕು ಹಂತಗಳಿವೆ. ಯಾವುದಾದರೂ ಒಂದಕ್ಕೆ ‘ಬಹಳ ಕಷ್ಟ’ ಅಥವಾ ‘ಆಗುವುದೇ ಇಲ್ಲ’ ಎಂದವರನ್ನು ಅಂಗವಿಕಲತೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ಅದೇ ಮನೆಯ ಬಾಗಿಲಲ್ಲಿ ನಿಂತು “ನಿಮ್ಮತ್ತೆಗೆ ಮೆಟ್ಟಿಲು ಹತ್ತೋಕೆ ಕಷ್ಟವಾಗುತ್ತಾ?” ಎಂದು ಕೇಳಿದರೆ ಸೊಸೆ ಅರೆಕ್ಷಣವೂ ಯೋಚಿಸುವುದಿಲ್ಲ. “ಬಾಳ ಕಷ್ಟ ಕಣ್ ಮೇಷ್ಟ್ರೆ” ಎಂದುಬಿಡುತ್ತಾಳೆ. ಇಲ್ಲಿ ಕಳಂಕದ ಮಾತಿಲ್ಲ, ನಾಚಿಕೆಯಿಲ್ಲ. ಮಂಡಿಯ ಸುದ್ದಿ ಮಾತ್ರ ಇದೆ.

ಸಣ್ಣ ಷರತ್ತುಗಳು ಲೆಕ್ಕವನ್ನು ಹೇಗೆ ಬದಲಿಸುತ್ತವೆ ಎಂಬುದಕ್ಕೆ ಹೆಂಗಸರ ಸಂಖ್ಯೆಯೇ ಸಾಕ್ಷಿ. 2011ರ ಜನಗಣತಿಯಲ್ಲಿ ಅಂಗವಿಕಲರೆಂದು ಬರೆದುಕೊಂಡ ಗಂಡಸರು 1 ಕೋಟಿ 50 ಲಕ್ಷ, ಹೆಂಗಸರು 1 ಕೋಟಿ 18 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಬ್ಯಾಂಕ್ 2011ರಲ್ಲಿ ಜಂಟಿಯಾಗಿ ಹೊರತಂದ ವಿಶ್ವ ವರದಿಯಲ್ಲಿ ಇದು ತಿರುವುಮುರುವು; ಅಲ್ಲಿ ಹೆಂಗಸರ ಪ್ರಮಾಣವೇ ಹೆಚ್ಚು. ಹೆಂಗಸರು ಸರಾಸರಿ ಹೆಚ್ಚು ವರ್ಷ ಬದುಕುತ್ತಾರೆ, ಮುಪ್ಪಿನ ಕೀಲುನೋವು ಅವರಿಗೇ ಹೆಚ್ಚು. ಹೀಗಿರುವಾಗ ನಮ್ಮ ಪಟ್ಟಿಯಲ್ಲಿ ಅವರೇ ಕಡಿಮೆ ಇರುವುದು ಅವರ ಆರೋಗ್ಯದ ಗುರುತಲ್ಲ, ಅವರ ಪರವಾಗಿ ಯಾರೂ ಹೇಳಲಿಲ್ಲ ಎಂಬುದರ ಗುರುತು.

ಹೆಸರಿರುವ ಕಾಯಿಲೆ, ಹೆಸರಿಲ್ಲದ ನೋವು

ಜನ ನಡೆಯಲಾರದೆ ಹೋಗುವುದಕ್ಕೆ ಕಾರಣಗಳು ಊರಿಂದ ಊರಿಗೆ ಬೇರೆ. ಮಲೆನಾಡಿನ ಒಂದು ಉದಾಹರಣೆ ಬಹಳ ಪ್ರಸಿದ್ಧ. ಶಿವಮೊಗ್ಗ ಜಿಲ್ಲೆಯ ಸಾಗರದ ಬಳಿಯ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಸೊಂಟ, ಮಂಡಿಯ ಕೀಲುಗಳು ನೋಯುತ್ತಾ ಸವೆಯುತ್ತಾ ಕೊನೆಗೆ ನಡಿಗೆಯೇ ನಿಲ್ಲುವ ಕಾಯಿಲೆ ವೈದ್ಯರ ಗಮನಕ್ಕೆ ಬಂತು. ವಂಶದಲ್ಲಿ ಇಳಿದು ಬರುವ ಆ ಮೂಳೆರೋಗಕ್ಕೆ ಊರಿನ ಹೆಸರೇ ನಿಂತಿತು. ತಜ್ಞರು ಬಂದರು, ಪತ್ರಿಕೆಗಳಲ್ಲಿ ಬಂತು, ವಿಧಾನಸೌಧದವರೆಗೂ ಮಾತು ಹೋಯಿತು. ಹೆಸರಿರುವ ಕಾಯಿಲೆಗೆ ಈ ಒಂದು ಅನುಕೂಲ ಇದೆ: ಎಣಿಸುವವರು ಬರುತ್ತಾರೆ.

ಚಾಮರಾಜನಗರ ಜಿಲ್ಲೆಯಲ್ಲಿಯೂ ಹೆಸರಿದ್ದ ಕಾಯಿಲೆಗಳಿಗೆ ಎಣಿಸುವವರು ಸಿಕ್ಕರು. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿದ್ದು ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ಹತೋಟಿಗೆ ತರಲೆಂದು. ಮನೆಮನೆಗೆ ಹೋಗಿ ಮೈಮೇಲಿನ ಮಚ್ಚೆ ನೋಡಿ, ಸ್ಪರ್ಶಜ್ಞಾನ ಇದೆಯೇ ಎಂದು ಪರೀಕ್ಷಿಸಿ ರೋಗಿಗಳನ್ನು ಹುಡುಕದಿದ್ದರೆ ಆ ಕೆಲಸ ಸಾಧ್ಯವೇ ಇರಲಿಲ್ಲ. ಕುಷ್ಠ ಔಷಧದಿಂದ ವಾಸಿಯಾಗುತ್ತದೆ. ಆದರೆ ತಡವಾದರೆ ನರ ಸತ್ತು, ಬೆರಳು ಮಡಚಿ, ಪಾದದಲ್ಲಿ ಹುಣ್ಣಾಗುತ್ತದೆ. ರೋಗ ಹೋದ ಮೇಲೂ ಆ ಕೈಕಾಲು ಹಾಗೆಯೇ ಉಳಿಯುತ್ತದೆ. ರೋಗಿಗಳ ಪಟ್ಟಿಯಿಂದ ಹೆಸರು ತೆಗೆದ ದಿನವೇ ಆ ಮನುಷ್ಯ ಅಂಗವಿಕಲರ ಪಟ್ಟಿಗೆ ಸೇರಬೇಕು. ಎರಡು ಪಟ್ಟಿ ಎರಡು ಇಲಾಖೆಯಲ್ಲಿರುವುದರಿಂದ ನಡುವೆ ಕಳೆದುಹೋಗುವುದು ಸುಲಭ.

ಕಾಡಂಚಿನ ಬುಡಕಟ್ಟು ಜನರಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆ ಇನ್ನೊಂದು. ದುಂಡಗಿರಬೇಕಾದ ಕೆಂಪು ರಕ್ತಕಣ ಇದರಲ್ಲಿ ಕುಡುಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತಡೆಯೊಡ್ಡುತ್ತವೆ. ಆಗ ಮೈಕೈಯೆಲ್ಲ ತಡೆಯಲಾರದ ನೋವು. ಕೆಲವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಸವೆದು, ಹರೆಯದಲ್ಲೇ ಕುಂಟು ಬರುತ್ತದೆ. ಹೊರಗಿನಿಂದ ನೋಡಿದರೆ ಹುಡುಗ ಗಟ್ಟಿಯಾಗಿಯೇ ಕಾಣುತ್ತಾನೆ. ತಿಂಗಳಿಗೆ ನಾಲ್ಕು ದಿನ ಕೂಲಿಗೆ ಹೋಗದಿದ್ದರೆ ಸೋಮಾರಿ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ಕಾಯಿಲೆಯನ್ನೂ ಅಂಗವಿಕಲತೆಯ ಪಟ್ಟಿಗೆ ಸೇರಿಸಿದೆ. 1995ರ ಕಾಯ್ದೆಯಲ್ಲಿ 7 ಬಗೆಗಳಿದ್ದವು, 2016ರದ್ದರಲ್ಲಿ 21. ಅಂದರೆ ಅಲ್ಲಿಯವರೆಗೆ ಆ ಹುಡುಗ ಕಾನೂನಿನ ಕಣ್ಣಿಗೆ ಆರೋಗ್ಯವಂತ.

ಹೆಸರಿಲ್ಲದ ನೋವುಗಳ ಕಥೆ ಬೇರೆ. ಜೀವನವಿಡೀ ಕುಕ್ಕರಗಾಲಲ್ಲಿ ಕುಳಿತು ಕಳೆ ಕಿತ್ತವರ ಮಂಡಿ, ಮೂಟೆ ಹೊತ್ತವರ ಸೊಂಟ, ಕರಿಕಲ್ಲು ಕ್ವಾರಿಯಲ್ಲಿ ದುಡಿದವರ ಬೆನ್ನು, ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿ ಬೆರಳು ತೆಗೆಸಿಕೊಂಡವರ ಪಾದ, ಹೆದ್ದಾರಿಯ ಅಪಘಾತದಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡ ಕಾಲು. ಇವಕ್ಕೆ ಯಾವ ಊರಿನ ಹೆಸರೂ ಇಲ್ಲ. ಯಾವ ತಜ್ಞರ ತಂಡವೂ ಇವನ್ನು ನೋಡಲು ಬೆಂಗಳೂರಿನಿಂದ ಬರುವುದಿಲ್ಲ. ನಡೆಯಲಾರದವರಲ್ಲಿ ದೊಡ್ಡ ಪಾಲು ಮಾತ್ರ ಇವರದೇ. 2011ರ ಗಣತಿಯಲ್ಲಿಯೂ 60 ವರ್ಷ ದಾಟಿದವರಲ್ಲಿ ಅಂಗವಿಕಲರ ಪ್ರಮಾಣ ನೂರಕ್ಕೆ 5ನ್ನು ಮೀರಿತ್ತು, ಎಂದರೆ ಒಟ್ಟು ಪ್ರಮಾಣದ ಎರಡು ಪಟ್ಟಿಗೂ ಹೆಚ್ಚು.

ಯಾವ ಸಂಖ್ಯೆ ಸರಿ?

ಇಷ್ಟು ಕೇಳಿದ ಮೇಲೆ ತಮ್ಮಲ್ಲಿ ಕೆಲವರಿಗೆ ಒಂದು ಸಂದೇಹ ಬಂದಿರಬಹುದು. ಮಂಡಿನೋವಿನ ಅಜ್ಜಿಯರನ್ನೆಲ್ಲ ಸೇರಿಸಿದರೆ ಎರಡೂ ಕಾಲಿಲ್ಲದವರ ಪಾಲು ಕರಗಿಹೋಗುವುದಿಲ್ಲವೇ? ಇದು ನ್ಯಾಯವಾದ ಪ್ರಶ್ನೆ.

ಉತ್ತರ ಇಷ್ಟೆ: ಎರಡು ಕೆಲಸಕ್ಕೆ ಎರಡು ಲೆಕ್ಕ ಬೇಕು. ಮಾಸಾಶನ, ಮೀಸಲಾತಿ, ಬಸ್ ಪಾಸಿನಂಥ ಸೌಲಭ್ಯಕ್ಕೆ ಬಿಗಿಯಾದ ಅಳತೆ ಬೇಕೇ ಬೇಕು. ಕಾನೂನು ಅದಕ್ಕಾಗಿಯೇ ನೂರಕ್ಕೆ 40ರ ಮಿತಿಯನ್ನಿಟ್ಟಿದೆ. ವೈದ್ಯರು ಅಳೆದು, ಪ್ರಮಾಣಪತ್ರ ಕೊಟ್ಟವರಿಗೆ ಆ ಸೌಲಭ್ಯ. ಆದರೆ ತಾಲ್ಲೂಕು ಕಚೇರಿಗೆ ಎಷ್ಟು ಮೆಟ್ಟಿಲು ಇರಬೇಕು, ಪಂಚಾಯಿತಿ ಕಟ್ಟಡಕ್ಕೆ ಇಳಿಜಾರು ದಾರಿ ಬೇಕೇ, ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವಿರಬೇಕು, ನ್ಯಾಯಬೆಲೆ ಅಂಗಡಿ ಊರಿನಿಂದ ಎಷ್ಟು ದೂರವಿರಬಹುದು ಎಂಬುದನ್ನು ತೀರ್ಮಾನಿಸಲು ಪ್ರಮಾಣಪತ್ರದ ಲೆಕ್ಕ ಸಾಲದು. ಅಲ್ಲಿ ಬೇಕಾದದ್ದು ಮೆಟ್ಟಿಲು ಹತ್ತಲು ಕಷ್ಟಪಡುವವರೆಲ್ಲರ ಲೆಕ್ಕ. ಅಜ್ಜಿಗೆ ಮಾಸಾಶನದ ಪಾಲು ಬೇಕೆಂದಲ್ಲ, ಹಿಡಿದು ಹತ್ತಲು ಒಂದು ಕಂಬಿ ಬೇಕು. ಆ ಕಂಬಿ ಕಾಲಿಲ್ಲದವರಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ.

ಈಗ ಆಗಿರುವುದೇನೆಂದರೆ, ಎರಡೂ ಕೆಲಸಕ್ಕೆ ಸಣ್ಣ ಸಂಖ್ಯೆಯನ್ನೇ ಬಳಸುವುದು. “ನೂರಕ್ಕೆ ಇಬ್ಬರಿಗಾಗಿ ಇಡೀ ಕಟ್ಟಡವನ್ನು ಬದಲಿಸುವುದೇ?” ಎಂಬ ಮಾತು ಆಗ ಸಲೀಸಾಗಿ ಬರುತ್ತದೆ. ಆರು ಜನರಲ್ಲಿ ಒಬ್ಬರಿಗೆ ಎಂದಾಗ ಆ ಮಾತು ನಿಲ್ಲುವುದಿಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2007ರಲ್ಲಿ ಭಾರತ ಅನುಮೋದಿಸಿದ ಒಡಂಬಡಿಕೆಯ ತಿರುಳೂ ಇದೇ. ಅಂಗವಿಕಲತೆ ಮೈಯೊಳಗೆ ಮಾತ್ರ ಇರುವುದಲ್ಲ. ಮೈಗೂ ಮೆಟ್ಟಿಲಿಗೂ ನಡುವೆ ಇರುವುದು. ಮೆಟ್ಟಿಲು ತಗ್ಗಿದರೆ ಮಂಡಿ ವಾಸಿಯಾಗುವುದಿಲ್ಲ, ಆದರೆ ಪ್ರಯಾಣ ಸಾಧ್ಯವಾಗುತ್ತದೆ.

ಬಿಗಿಯಾದ ಲೆಕ್ಕವಾದರೂ ಪೂರ್ಣವಾಗಿದೆಯೇ? ಅದೂ ಇಲ್ಲ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಸಿಕ್ಕ ಅಂಗವಿಕಲರಲ್ಲಿ ಪ್ರಮಾಣಪತ್ರ ಇದ್ದವರು ನೂರಕ್ಕೆ 28.8 ಮಾತ್ರ. ಪ್ರಮಾಣಪತ್ರಕ್ಕೆ ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆಗೆ ಬಸ್ಸು ಹತ್ತಿ ಹೋಗಬೇಕು. ಹತ್ತಲಾಗದೆಂಬುದಕ್ಕೇ ಪ್ರಮಾಣಪತ್ರ ಬೇಕಾಗಿರುವುದು! ಕಾಡಂಚಿನ ಪೋಡಿನಿಂದ ಒಬ್ಬರನ್ನು ಕರೆದೊಯ್ಯಲು ಇನ್ನೊಬ್ಬರ ದಿನದ ಕೂಲಿಯೂ ಹೋಗುತ್ತದೆ. ಹಿಂದೆ ದೊಡ್ಡಾಸ್ಪತ್ರೆ ಎಂದರೆ ಮೈಸೂರು. 1997ರಲ್ಲಿ ಜಿಲ್ಲೆಯಾಗಿ, 2016ರಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೆ ದೂರ ಕಡಿಮೆಯಾಗಿದೆ. ಮೊದಲ ಮೆಟ್ಟಿಲು ಮಾತ್ರ ಇದ್ದಷ್ಟೇ ಎತ್ತರ ಇದೆ.

ಮನೆಬಾಗಿಲಿಗೆ ಹೋಗುವವರು

ಕರ್ನಾಟಕದಲ್ಲಿ ಒಂದು ಒಳ್ಳೆಯ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ಕೆಲಸ ಮಾಡುತ್ತಾರೆ. ಹಳ್ಳಿಗಳಲ್ಲಿ ‘ವಿ.ಆರ್.ಡಬ್ಲ್ಯು.’ ಎಂದರೆ ಗೊತ್ತಾಗುತ್ತದೆ. ವಿಶೇಷವೆಂದರೆ ಇವರೂ ಅಂಗವಿಕಲರೇ. ಊರಿನ ಓಣಿ ಓಣಿ ಇವರಿಗೆ ಗೊತ್ತು. ಯಾವ ಮನೆಯ ಒಳಕೋಣೆಯಲ್ಲಿ ಯಾರಿದ್ದಾರೆಂಬುದೂ ಗೊತ್ತು. ಹತ್ತು ವರ್ಷಕ್ಕೊಮ್ಮೆ ಬರುವ ಅಪರಿಚಿತರಿಗೆ ಹೇಳದ ಮಾತನ್ನು ಜನ ಇವರಿಗೆ ಹೇಳುತ್ತಾರೆ. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಕೃತಕ ಕಾಲು, ಗಾಲಿಕುರ್ಚಿ, ಊರುಗೋಲು ಮಾಡಿಕೊಡುವುದರ ಜೊತೆಗೆ ಹಳ್ಳಿಗಳಲ್ಲಿ ಪುನರ್ವಸತಿ ಕೆಲಸಕ್ಕೂ ಇಳಿದಿರುವುದು ಇದೇ ತಿಳಿವಳಿಕೆಯಿಂದ. ಸಾಧನ ಎಷ್ಟೇ ಚೆನ್ನಾಗಿರಲಿ, ಬೇಕಾದವರು ಯಾವ ಮನೆಯಲ್ಲಿದ್ದಾರೆ ಎಂದು ಮೊದಲು ಗೊತ್ತಾಗಬೇಕು.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಕೋವಿಡ್ ಕಾರಣದಿಂದ ಮುಂದೆ ಹೋಯಿತು. 2025ರಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ಅದು 2027ಕ್ಕೆ ನಿಗದಿಯಾಗಿದೆ. 2011ರಿಂದ 2027ಕ್ಕೆ ಹದಿನಾರು ವರ್ಷ. 2011ರಲ್ಲಿ ಕೋಲು ಹಿಡಿಯದೆ ಸಂತೆಗೆ ಹೋಗಿಬರುತ್ತಿದ್ದ ಐವತ್ತೈದರ ಹೆಂಗಸಿಗೆ ಆಗ ಎಪ್ಪತ್ತೊಂದು ತುಂಬಿರುತ್ತದೆ.

ಗಣತಿದಾರರ ಕೈಯಲ್ಲಿರುವ ನಮೂನೆಯ ವಾಕ್ಯಗಳನ್ನು ಬದಲಿಸುವುದು ಹಳ್ಳಿಯ ಮನೆಯವರ ಕೈಯಲ್ಲಿಲ್ಲ. ಉತ್ತರ ಮಾತ್ರ ಅವರ ಕೈಯಲ್ಲೇ ಇದೆ. ಮೇಷ್ಟ್ರು ಬಂದು “ಮನೆಯಲ್ಲಿ ಅಂಗವಿಕಲರು ಇದ್ದಾರೆಯೇ?” ಎಂದು ಕೇಳಿದಾಗ, ‘ಇಲ್ಲ’ ಎನ್ನುವ ಮೊದಲು ಒಮ್ಮೆ ಜಗುಲಿಯ ಕಡೆಗೆ, ಒಳಕೋಣೆಯ ಕಡೆಗೆ ನೋಡಬೇಕು. ಕುಳಿತಿರುವ ಅವ್ವ ತಾನಾಗಿಯೇ ಎದ್ದು ಗುಂಡ್ಲುಪೇಟೆಯ ಬಸ್ಸು ಹತ್ತಿ ಬರಬಲ್ಲಳೇ ಎಂದು ಯೋಚಿಸಬೇಕು. ಆಗದು ಎಂದಾದರೆ ಅದನ್ನೇ ಹೇಳಬೇಕು. ಪಟ್ಟಿಗೆ ಸೇರುತ್ತದೋ ಇಲ್ಲವೋ ಮೇಷ್ಟ್ರು ತಮ್ಮ ಸೂಚನೆ ನೋಡಿ ತೀರ್ಮಾನಿಸಲಿ. ಗಣತಿಗೆ ಹೋಗುವ ಮೇಷ್ಟ್ರುಗಳು ಈ ಸಭೆಯಲ್ಲಿದ್ದರೆ ಅವರಲ್ಲಿ ಒಂದು ವಿನಂತಿ: ಆ ಕಾಲಂಗೆ ಬಂದಾಗ ಇನ್ನೊಂದು ನಿಮಿಷ ಹೆಚ್ಚಾಗಿ ನಿಲ್ಲಿ. ಮೆಟ್ಟಿಲು ಹತ್ತಲು ಯಾರಿಗೆ ಕಷ್ಟ ಎಂದು ಒಂದು ಮಾತು ಕೇಳಿ.